ಬಾಗಿಲಿಗೆ ಬಡಿದ ಗೋಣಿ

ಗೋಡೆಗೂ ಕಿವಿಯಿದೆ ಎನ್ನುತ್ತಾರೆ. ಮೂಡುಬಿದಿರೆಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಗೋಡೆಗಳು ದಪ್ಪ ಕೆಂಪುಕಲ್ಲಿನವು, ಅವಕ್ಕೆ ಏನೂ ಕೇಳಿಸುತ್ತಿರಲಿಲ್ಲ. ಕಿವಿ ಇದ್ದದ್ದು ಬಾಗಿಲಿಗೆ. ಮುಂದಿನ ಭಾಗದಲ್ಲಿ ಮಾಲಕರಾದ ಜೈನ ದಂಪತಿ, ಹಿಂದಿನ ಎರಡು ಕೋಣೆಗಳಲ್ಲಿ ನಾನು ಮತ್ತು ನನ್ನ ಹೆಂಡತಿ. ನಡುವೆ ಬೆರಳಿನಷ್ಟೂ ದಪ್ಪವಿಲ್ಲದ ಒಂದು ಹಲಗೆಯ ಬಾಗಿಲು. ಆಚೆ ಅವರು ಎಲೆ ಅಡಿಕೆ ಕುಟ್ಟಿದರೆ ಈಚೆ ನಾವು ಪೆಟ್ಟು ಎಣಿಸಬಹುದಿತ್ತು.

ಐವತ್ತರ ದಶಕದ ಕೊನೆ ಅದು. ನಾನು ಶಾಲೆಯ ಮಾಸ್ತರ. ಹೆಂಡತಿಗೆ ಬಿಡದ ಕೆಮ್ಮು. ಮಂಗಳೂರಿಗೆ ಹೋಗಿ ಎಕ್ಸ್‌ರೇ ತೆಗೆಸಿ ಎಂದದ್ದು ಬಿಟ್ಟರೆ ಡಾಕ್ಟರು ಬೇರೇನೂ ಬಾಯಿಬಿಟ್ಟಿರಲಿಲ್ಲ. ಕ್ಷಯ ಎಂಬ ಮಾತೆದ್ದರೆ ಮನೆ ಹೋಯಿತೆಂದೇ ಅರ್ಥ. ಬಂಟ್ವಾಳದಲ್ಲಿ ಹಾಗೆಯೇ ಆಗಿತ್ತು. ಮಕ್ಕಳಿರುವ ಮನೆ ಎಂದು ಅಲ್ಲಿಯ ಮಾಲಕರು ನೆಲ ನೋಡುತ್ತಾ ಹೇಳಿದ್ದರು. ವಾರದೊಳಗೆ ನಮ್ಮ ಪಾತ್ರೆಪಗಡ ಗಾಡಿ ಹತ್ತಿತ್ತು. ಇನ್ನೊಮ್ಮೆ ಹಾಗಾದರೆ ಅವಳನ್ನು ಕರೆದುಕೊಂಡು ಎಲ್ಲಿಗೆ ಹೋಗಲಿ?

ಮೊದಲು ಮೈದಾ ಅಂಟಿನಲ್ಲಿ ಹಳೆಯ ಪೇಪರು ಅದ್ದಿ ಬಾಗಿಲಿನ ಸಂದುಗಳಿಗೆ ತುರುಕಿದೆ. ಏನೂ ಪ್ರಯೋಜನವಾಗಲಿಲ್ಲ. ಆಮೇಲೆ ಗೋಣಿಗೆ ಬೈಹುಲ್ಲು ತುಂಬಿ ಬಾಗಿಲಿಗೆ ಹೊಡೆಯುವ ಯೋಚನೆ ಬಂತು. ಹುಲ್ಲು ಕೇಳಿದ್ದು ಯಾರಲ್ಲಿ? ಮಾಲಕರ ಹೆಂಡತಿಯಲ್ಲೇ! ಹಾಸಿಗೆಗೆ ಎಂದು ಸುಳ್ಳು ಹೇಳಿದೆ. ಪಾಪ, ಹೊಸ ಹುಲ್ಲನ್ನೇ ಆರಿಸಿ ಕೊಟ್ಟರು.

ಅವರು ಬಸದಿಗೆ ಹೋದ ಹೊತ್ತು ನೋಡಿ ಮೊಳೆ ಬಡಿದೆ. ಮುಂದಿನ ಜಗಲಿಗೆ ಓಡಿ, ಅವರ ಕಿಟಕಿಗೆ ಕಿವಿಯಿಟ್ಟು, ಈಗ ಕೆಮ್ಮು ಎಂದು ಹೆಂಡತಿಗೆ ಕೂಗಿದೆ. ಹೇಳಿದಾಗ ಬರುವುದಾದರೆ ಇಷ್ಟೆಲ್ಲ ಯಾಕೆ ಮಾರಾಯ್ರೇ ಎಂದಳು ಅವಳು ಹಿಂಬಾಗಿಲಿಗೆ ಬಂದು. ಕೊನೆಗೆ ಬಂತಂತೆ; ನನಗೆ ಕೇಳಿಸಲಿಲ್ಲ. ಗೆದ್ದೆ ಅಂದುಕೊಂಡೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಹುಲ್ಲಿಗೆ ಧೂಳಿರುತ್ತದೆ ಎಂಬುದು ಈ ಮಾಸ್ತರನ ತಲೆಗೆ ಹೊಳೆಯಲೇ ಇಲ್ಲ. ಮರುದಿನದಿಂದ ಅವಳ ಕೆಮ್ಮು ಎರಡು ಪಟ್ಟಾಯಿತು. ಸೆರಗನ್ನು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ ಗೋಡೆಗೊರಗಿ ಕೂರುತ್ತಿದ್ದಳು. ಗೋಣಿ ತೆಗೆದರೆ ಆಚೆಯವರಿಗೆ ಕೇಳುತ್ತದೆ, ಇಟ್ಟರೆ ಇವಳು ಉಳಿಯುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಸಿಟ್ಟು ನೆತ್ತಿಗೇರಿ ನಾನು ಗೋಣಿಗೇ ಬೈಯುತ್ತಿದ್ದಾಗ ಅವಳು ಮೆಲ್ಲಗೆ ಹೇಳಿದಳು:

"ನನ್ನ ಮುಖಕ್ಕೂ ಒಂದು ಗೋಣಿ ಹೊಡೆದುಬಿಡಿ."

ನಾನು ಎದ್ದು ಬಾವಿಕಟ್ಟೆಗೆ ಹೋಗಿ ಕುಳಿತೆ.

ಮೂರನೆಯ ಸಂಜೆ, ಹೊತ್ತು ಮುಳುಗುವ ಮೊದಲು ಉಣ್ಣುವ ಜೈನರ ಅವಸರದ ನಡುವೆಯೇ, ಮಾಲಕರ ಹೆಂಡತಿ ನಮ್ಮ ಹಿಂಬಾಗಿಲಿಗೆ ಬಂದರು. ಬಂಟ್ವಾಳದ ಮಾತೇ ಬರುತ್ತದೆ ಎಂದು ನಾನು ನೆಲ ನೋಡಿದೆ.

"ಮಾಷ್ಟ್ರೇ, ಮೂರು ದಿನ ಆಯ್ತು, ಕೆಮ್ಮು ಕೇಳುವುದಿಲ್ಲ. ಹುಡುಗಿ ಇದ್ದಾಳಲ್ಲ?"

ಹಾಗಾದರೆ ಮೊದಲ ದಿನದಿಂದಲೂ ಕೇಳುತ್ತಿತ್ತು. ಅವರು ಒಳಗೆ ಇಣುಕಿ, ಬಾಗಿಲಿಗೆ ಬಡಿದಿದ್ದ ತಮ್ಮದೇ ಹುಲ್ಲಿನ ಗೋಣಿಯನ್ನು ನೋಡಿದರು. ತಿರುಗಿ ಹೋದರು. ಮನೆಯ ವಿಷಯ ಅವರು ಎತ್ತಲಿಲ್ಲ. ಕೇಳಲು ನನಗೆ ಧೈರ್ಯವಿರಲಿಲ್ಲ.

ಮೊಳೆಗಳನ್ನು ಒಂದೊಂದಾಗಿ ಕಿತ್ತೆ. ಗೋಣಿ ಕೆಳಗೆ ಬಿತ್ತು, ಧೂಳೆದ್ದಿತು, ಅವಳು ಸೆರಗು ಹಿಡಿಯದೆ ಕೆಮ್ಮಿದಳು. ಆಚೆ ಆ ಅಮ್ಮ ಗಂಡನಿಗೆ ಹೇಳಿದ್ದು ನಮಗೆ ಸ್ಪಷ್ಟವಾಗಿ ಕೇಳಿಸಿತು.

"ಇದ್ದಾಳೆ, ಇದ್ದಾಳೆ."