ಮರ ತಂದವನ ಹೆಸರಿಲ್ಲದ ಹಾಳೆ

ಬೆಳಗಿನ ಐದೂವರೆ. ರಿಯೊ ನೆಗ್ರೊ ಹೊಳೆಯ ದಂಡೆಯ ಸಸ್ಯ ಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ ಎಲ್ಪಿಡಿಯೊ ಒಣಗಿಸುವ ಪೆಟ್ಟಿಗೆಯ ಬಾಗಿಲು ತೆರೆಯುತ್ತಾರೆ. ಹಳೆಯ ಪತ್ರಿಕೆಗಳ ನಡುವೆ ಬಿಗಿದ ರೆಂಬೆಗಳನ್ನು ಮುಟ್ಟಿ ನೋಡುತ್ತಾರೆ. ತಣ್ಣಗಿದ್ದರೆ ಇನ್ನೂ ಹಸಿ, ಮತ್ತೆ ಒಳಕ್ಕೆ. ದಿನಕ್ಕೆ ಅರವತ್ತು ಕಟ್ಟು, ಮೂವತ್ತನಾಲ್ಕು ವರ್ಷದಿಂದ. ಇಂದು ಮಾತ್ರ ಬೇಗ ಮುಗಿಸಬೇಕು. ಹತ್ತು ಗಂಟೆಗೆ ಮರಳು ಗಣಿಗೆ ಅಪ್ಪಣೆ ಕೊಡುವ ಬಗ್ಗೆ ವಿಚಾರಣೆ.

"ಕುಂಪಾದ್ರೆ, ಎರಡು ಬೆಜು ರೊಟ್ಟಿ ತಿಂದು ಹೋಗಿ. ಹಸಿದ ಹೊಟ್ಟೇಲಿ ಸತ್ಯ ಹೇಳಿದ್ರೆ ಯಾರೂ ನಂಬಲ್ಲ," ಎನ್ನುತ್ತಾರೆ ಜುರೇಮಾ. ಒಣಗಿದ ರೆಂಬೆಗಳನ್ನು ಸೂಜಿದಾರದಿಂದ ದಪ್ಪ ಹಾಳೆಗೆ ಹೊಲಿಯುವವರು ಅವರು. ಎಲ್ಪಿಡಿಯೊ ಮಗಳ ಜ್ಞಾನಸ್ನಾನಕ್ಕೆ ಜ್ಞಾನತಾಯಿಯಾಗಿ ನಿಂತ ದಿನದಿಂದ ಜುರೇಮಾಗೆ ಇವರು ಕುಂಪಾದ್ರೆ, ಇವರಿಗೆ ಅವರು ಕುಮಾದ್ರೆ.

"ತಿಂದು ತೇಗಿ ಹೇಳಿದ ಸುಳ್ಳನ್ನ ಎಲ್ರೂ ನಂಬಿದ್ರಲ್ಲ ಕುಮಾದ್ರೆ, ಅದೇ ಕಷ್ಟ."

ಆ ಸುಳ್ಳು ಕಪಾಟಿನಲ್ಲಿ ಭದ್ರವಾಗಿದೆ. ಬಿಳಿ ಮರಳಿನ ಕುರುಚಲು ಕಾಡಿನ ಒಂದು ಕುಳ್ಳು ಮರದ ರೆಂಬೆ, ಐದು ದಪ್ಪ ಎಲೆ, ಒಂದು ಹೂಗೊಂಚಲು. ಜಗತ್ತಿನಲ್ಲಿ ಈ ಜಾತಿಗಿರುವ ಒಂದೇ ಹಾಳೆ. ಇಪ್ಪತ್ತೆರಡು ವರ್ಷದ ಹಿಂದೆ ಸಂಗ್ರಹಾಲಯದ ಸಸ್ಯಪಂಡಿತರು ಜ್ವರ ಹಿಡಿದು ದೋಣಿಯಲ್ಲೇ ಮಲಗಿದ್ದರು. ಕಾದ ಮರಳಿನಲ್ಲಿ ಒಬ್ಬರೇ ನಡೆದು ಇದನ್ನು ತಂದವರು ಎಲ್ಪಿಡಿಯೊ. ಹಾಳೆಗೆ ಅಂಟಿಸಿದ ಚೀಟಿಯಲ್ಲಿರುವುದು ಪಂಡಿತರ ಹೆಸರು.

"ಇದ್ದದ್ದೇ ಹದಿಮೂರು ಮರ. ಬೇಲಿಗೂಟಕ್ಕೆ ಮರ ಕಡಿಯೋರಿಗೆ ಗೊತ್ತಾದ್ರೆ ಮುಗೀತು. ಅದಕ್ಕೇ ಪಂಡಿತರಿಗೆ ಅರಾರ ತೊರೆ ಅನ್ನೋ ಬದಲು ಜಕುಂದ ತೊರೆ ಅಂದೆ," ಎನ್ನುತ್ತಾರೆ ಎಲ್ಪಿಡಿಯೊ.

ಅಪರೂಪದ್ದು ಕಂಡರೆ ಪಕ್ಕದ ತೊರೆಯ ಹೆಸರು ಹೇಳುವುದು ಇಲ್ಲಿನ ಕಾಡಾಳುಗಳ ರೂಢಿ. ಪಂಡಿತರು ಹಾಗೆಯೇ ಬರೆದುಕೊಂಡರು. ಈಗ ಅವರಿಲ್ಲ. ಅಪ್ಪಣೆ ಸಿಕ್ಕರೆ ಅರಾರ ತೊರೆಯ ಮರಳನ್ನು ನಾಳೆಯಿಂದಲೇ ತೋಡುತ್ತಾರೆ.

ವಿಚಾರಣೆಯಲ್ಲಿ ಗಣಿಯ ವಕೀಲ ಹಾಳೆಯ ಚಿತ್ರ ಎತ್ತಿ ಹಿಡಿಯುತ್ತಾನೆ. "ಮರ ಇರೋದು ಜಕುಂದದಲ್ಲಿ. ನೀವೇ ಓದಿ."

"ಅದು ಸುಳ್ಳು ಸ್ವಾಮಿ. ಹೇಳಿದವನು ನಾನೇ."

"ಇದರಲ್ಲಿ ನಿಮ್ಮ ಹೆಸರೆಲ್ಲಿದೆ?"

ಎಲ್ಲೂ ಇಲ್ಲ. ಸಭೆಯಲ್ಲಿ ಯಾರೋ ಕಿಸಕ್ಕನೆ ನಗುತ್ತಾರೆ. ಹೋಗಿ ನೋಡಬಹುದಲ್ಲ ಎಂದರೆ, ಹೂವಿಲ್ಲದೆ ಗುರುತು ಹಿಡಿಯಲಾಗದು ಎಂಬ ಉತ್ತರ ಸಿದ್ಧವಿದೆ. ಮರ ಹೂ ಬಿಡುವುದು ನವೆಂಬರಿನಲ್ಲಿ, ಇದು ಜೂನ್. ಹನ್ನೊಂದು ನಿಮಿಷದಲ್ಲಿ ಅಪ್ಪಣೆ ಸಿಗುತ್ತದೆ. ನಗರಕ್ಕೆ ಗೋಡೆಗಳು ಬೇಕು. ಅಂಥ ಮರಳಿನಿಂದಲೇ ಎದ್ದ ಗೋಡೆಗಳ ಒಳಗೆ ಈ ಹಾಳೆಯನ್ನು ತಂಪಾಗಿ ಕಾಪಾಡಲಾಗಿದೆ. ಮರವನ್ನು ಕೊಂದು ಮರದ ಹೆಣಕ್ಕೆ ಕಾವಲು ಕೂರುವುದಕ್ಕೆ ನಾವು ವಿಜ್ಞಾನ ಎನ್ನುತ್ತೇವೆ. ಮರವನ್ನು ಬಲ್ಲವನಿಗೆ ಹೊರಬಾಗಿಲು ತೋರಿಸುತ್ತೇವೆ.

ಮಧ್ಯಾಹ್ನ ಎಲ್ಪಿಡಿಯೊ ಆ ಹಾಳೆ ಹಿಡಿದು ಪೆಟ್ಟಿಗೆಯ ಮುಂದೆ ಮರಳಿ ಕುಳಿತಿದ್ದಾರೆ. ಹಳೆಯ ಚೀಟಿಯನ್ನು ಅಳಿಸುವಂತಿಲ್ಲ, ಕೆಳಗೆ ಹೊಸದನ್ನು ಅಂಟಿಸಬಹುದು. ಜುರೇಮಾ ಗೋಂದು ಕಲಸಿ ತಂದಿದ್ದಾರೆ.

"ಏನು ಬರೀಲಿ, ಕುಂಪಾದ್ರೆ?"

"ಅರಾರ ತೊರೆ ಅಂತ ಬರೀರಿ." ಹಳೆಯ ಚೀಟಿಯಲ್ಲಿನ ಪಂಡಿತರ ಹೆಸರಿನ ಕೆಳಗೆ ಬೆರಳಿಡುತ್ತಾರೆ. "ಮೊದಲು ಸುಳ್ಳು ಹೇಳಿದವನು ಎಲ್ಪಿಡಿಯೊ ಅಂತ ಸೇರಿಸಿ. ಹಾಗಾದ್ರೂ ನನ್ನ ಹೆಸರು ಆ ಮರದ ಜೊತೆ ಇರ್ಲಿ."