ಬನಿಯನ್ನಿನ ಮೇಲಿನ ಕಾವಿ

ಎದುರು ಮನೆಯವರು ಜಗಲಿಗೆ ಕಾವಿ ಬಳಿಯುತ್ತಿದ್ದಾರೆ. ಹಬ್ಬ ಇನ್ನೂ ದೂರವಿದೆ, ಅವರಿಗೆ ಅವಸರ. ಒದ್ದೆ ಕೆಮ್ಮಣ್ಣಿನ ವಾಸನೆ ಬೀದಿ ದಾಟಿ ಬಂತು. ನಿಮಗೆ ಈ ವಾಸನೆಗೆ ಹೋಳಿಗೆ ನೆನಪಾಗಬಹುದು. ನನಗೆ ಬನಿಯನ್ನು ನೆನಪಾಗುತ್ತದೆ. ನಗಬೇಡಿ, ಕೂತುಕೊಳ್ಳಿ, ಹೇಳುತ್ತೇನೆ.

ಈ ಅರಕೆರೆಯಲ್ಲಿ ನಮ್ಮಪ್ಪ ಗರಡಿ ನಡೆಸುತ್ತಿದ್ದ, ಕೋಲುವರಸೆ ಕಲಿಸುತ್ತಿದ್ದ. ಗಂಡು ಮಕ್ಕಳಾಗಲಿಲ್ಲ, ನನಗೆ ಕಲಿಸಿದ. ಪ್ರೀತಿಗೇನಲ್ಲ. ಎದುರಿಗೆ ನಿಂತು ಏಟು ತಿನ್ನಲು ಒಂದು ಮೈ ಬೇಕಿತ್ತು. ಅವನು ಹೋದ ಮೇಲೆ ಕಲಿಯಲು ಬಂದವರಿಗೆ ನಾನೇ ಕಲಿಸಿದೆ. ಗರಡಿಯೊಳಗೆ ಹೆಂಗಸು ಕಾಲಿಡಬಾರದು ಅಂತ ಕಟ್ಟಳೆ. ಆಗಲಿ ಅಂದೆ. ಹಿಂದಿನ ಕಣದಲ್ಲಿ ನಿಂತೆ. ಕಲಿಯುವವರೇ ಹೊರಗೆ ಬಂದರು. ಗರಡಿಯ ದೇವರು ಹನುಮಂತರಾಯ ಒಳಗೆ ಒಬ್ಬನೇ ಉಳಿದ.

ಹೊಸದಾಗಿ ಬಂದವನ ಕೈಗೆ ನಾವು ಕೊಡುತ್ತಿದ್ದುದು ಕಬ್ಬಿನ ಜಲ್ಲೆ. ತಪ್ಪಿ ತಲೆಗೆ ಬಿದ್ದರೂ ಜಲ್ಲೆ ಮುರಿಯುತ್ತದೆಯೇ ಹೊರತು ತಲೆ ಒಡೆಯುವುದಿಲ್ಲ. ಮುರಿದದ್ದನ್ನು ಪಾಠ ಮುಗಿಯುವ ತನಕ ತಿನ್ನಕೂಡದು. ಕೆಲವರು ಆ ಕಾಯುವುದನ್ನೇ ಕಲಿಯದೆ ವಾಪಸ್ಸು ಹೋದರು. ಜಲ್ಲೆ ದಾಟಿದವನಿಗೆ ಎದೆಯೆತ್ತರದ ಬಿದಿರು. ಅದನ್ನೂ ದಾಟಿದವನಿಗೆ ಹಣೆಯೆತ್ತರದ ಕೋಲು, ತುದಿಗೆ ಹಿತ್ತಾಳೆ ಕಟ್ಟು. ಆ ಕಟ್ಟು ಇದ್ದವನು ಮಾತ್ರ ಇನ್ನೊಬ್ಬರಿಗೆ ಕಲಿಸಬಹುದು. ಇಲ್ಲದವನು ಏನೇ ಕುಣಿದರೂ ಅದು ಕುಣಿತ ಅಷ್ಟೆ.

ಆ ಕಟ್ಟು ಸುಮ್ಮನೆ ಸಿಗುತ್ತಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಒಂದು ಸಂಜೆ, ಹುಣಸೆ ಕೊಂಬೆಗೆ ತಳ ತೂತಾದ ಕುಡಿಕೆ ಕಟ್ಟಿ ನೀರು ತುಂಬುತ್ತಿದ್ದೆವು. ಇಬ್ಬರು ಕೋಲಿನ ತುದಿಗೆ ಬಟ್ಟೆ ಸುತ್ತಿ ಕಾವಿ ನೀರಿನಲ್ಲಿ ಅದ್ದಿ ಮೇಲೆ ಬೀಳುತ್ತಿದ್ದರು. ಕುಡಿಕೆ ಬರಿದಾಗುವ ತನಕ ನಡುವೆ ನಿಂತವನು ತಡೆಯಬೇಕು. ಮೈಮೇಲೆ ಬಿಳೀ ಬನಿಯನ್ನು. ಆಲೆಮನೆಯ ಹೊಗೆ ಗದ್ದೆಯ ಮೇಲೆ ತೆಳ್ಳಗೆ ಮಲಗಿರುತ್ತಿತ್ತು, ಬೆಲ್ಲದ ವಾಸನೆಗೆ ಕಣ್ಣೆಳೆಯುತ್ತಿತ್ತು. ಆ ಮಬ್ಬಿನಲ್ಲಿ ತಿರುಗುವ ಕೋಲು ಕಾಣುತ್ತಿರಲಿಲ್ಲ, ತುಂಬಿಯ ಹಾಗೆ ಅದರ ಗುಂಯ್ ಮಾತ್ರ. ಹೊಡೆಯುವವನಿಗೂ ತಡೆಯುವವನಿಗೂ ಏನು ತಾಕಿತು, ಏನು ತಾಕಲಿಲ್ಲ ಅಂತ ತಿಳಿಯುತ್ತಿರಲಿಲ್ಲ. ಎಷ್ಟೋ ಸಲ ಕೂತಲ್ಲೇ ನನಗೆ ಜೋಂಪು ಹತ್ತಿದ್ದುಂಟು. ಪರೀಕ್ಷೆ ಮಾಡುವವಳು ತೂಕಡಿಸಿದಳು ಅಂತ ಯಾರೂ ಕೇಳಲಿಲ್ಲ, ಯಾಕೆಂದರೆ ತೀರ್ಮಾನ ಬೆಳಿಗ್ಗೆ. ಬನಿಯನ್ನು ರಾತ್ರಿಯಿಡೀ ಹಗ್ಗದ ಮೇಲೆ ಒಣಗಬೇಕು. ಎರಚಿದ ಹನಿ ಲೆಕ್ಕಕ್ಕಿಲ್ಲ. ಕೋಲು ತಾಕಿದ್ದರೆ ದುಂಡಗೆ ಬಿಲ್ಲೆಯ ಹಾಗೆ ಕಲೆ ಕೂತಿರುತ್ತದೆ. ಒಂದು ಬಿಲ್ಲೆ ಇದ್ದರೂ ಮುಂದಿನ ಸುಗ್ಗಿಯ ತನಕ ಕಾಯಬೇಕು.

ತೊಂಬತ್ತರ ದಶಕದ ನಡುವಿನ ಮಾತು. ಪಾಂಡವಪುರಕ್ಕೆ ಕರಾಟೆ ಬಂದಿತ್ತು. ನನ್ನ ಶಿಷ್ಯರಲ್ಲಿ ಕ್ಯಾತನಹಳ್ಳಿಯ ನಿಂಗರಾಜು ಅಂತ ಒಬ್ಬ, ಎಲ್ಲರಿಗಿಂತ ಚುರುಕು. ಒಂದು ದಿನ ಮುಖ ಊದಿಸಿಕೊಂಡು ಬಂದ.

“ಅವ್ವಾ, ಅಲ್ಲಿ ಆರಾರು ತಿಂಗ್ಳಿಗೂ ಸೊಂಟದ ಪಟ್ಟಿ ಬಣ್ಣ ಬದ್ಲಾಯಿಸ್ತಾರೆ. ನಾನ್ ಇನ್ನೂ ಇದೇ ಬಿದ್ರು ಇಡ್ಕಂಡಿವ್ನಿ.”

“ಬಣ್ಣ ಬೇಕಾದ್ರೆ ಜವಳಿ ಅಂಗ್ಡಿಗ್ ಓಗ್ಲಾ. ನನ್ತಾವ ಯಾಕ್ ಬಂದೆ?”

ಆಮೇಲೊಂದು ದಿನ ಶ್ರೀರಂಗಪಟ್ಟಣದ ಮೈದಾನದಲ್ಲಿ ಆ ಕರಾಟೆ ಮಕ್ಕಳನ್ನು ನಾನೇ ನೋಡಿದೆ. ಕಾಲು ಎತ್ತುವುದು ಚೆನ್ನಾಗಿತ್ತು. ಅದನ್ನು ನಿಂಗರಾಜುಗೆ ಹೇಳಲಿಲ್ಲ.

ಅವನ ಅವಸರಕ್ಕೆ ಕಾರಣವಿತ್ತು. ಕೆ.ಆರ್. ಪೇಟೆ ಹತ್ತಿರದ ಹೊಸಹೊಳಲಿನವರು ತಮ್ಮೂರ ಹುಡುಗರಿಗೆ ಕಲಿಸಲು ಅವನನ್ನು ಕೇಳಿದ್ದರು. ಇರಲು ಮನೆ, ತಿನ್ನಲು ರಾಗಿ. ಜಮೀನಿಲ್ಲದ ಅವನಿಗೆ ಅದೊಂದು ಬದುಕು. ಆದರೆ ಹಿತ್ತಾಳೆ ಕಟ್ಟಿನ ಕೋಲು ಕೈಯಲ್ಲಿರಬೇಕು.

ಆ ಸುಗ್ಗಿಗೆ ಪರೀಕ್ಷೆಗೆ ನಿಂತ. ಹೊಸಹೊಳಲಿನ ಇಬ್ಬರು ಯಜಮಾನರು ಬೆಳಿಗ್ಗೆ ಅವನನ್ನು ಕರೆದುಕೊಂಡೇ ಹೋಗುವುದೆಂದು ಬಂದು ಉಳಿದರು. ಅವನ ತಾಯಿ ಕೆಂಪಮ್ಮನೂ ಬಂದಿದ್ದಳು. ಕೋಲುವರಸೆ ಅಂದರೆ ಏನೆಂದು ಅವಳಿಗೆ ಗೊತ್ತಿಲ್ಲ. ಹುಟ್ಟಿದ್ದು ನಾಗಮಂಗಲದ ಕಡೆ, ಒಂದು ಬಿಂದಿಗೆ ನೀರಿಗೆ ಹೊಲಗಳನ್ನು ದಾಟುವ ಊರು. ಮದುವೆಯಾಗಿ ಈ ಕಡೆ ಬಂದು ಎಷ್ಟು ಕಾಲವಾದರೂ ಹರಿಯುವ ನಾಲೆ ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ.

ಬೆಳಿಗ್ಗೆ ಕಣಕ್ಕೆ ಹೋದರೆ ಬನಿಯನ್ನು ಹಗ್ಗದ ಮೇಲೆ ಕೊಕ್ಕರೆಯ ಹಾಗೆ ಬೆಳ್ಳಗೆ ತೂಗುತ್ತಿದೆ, ನೀರು ತೊಟ್ಟಿಕ್ಕುತ್ತಿದೆ.

“ಇದ್ಯಾರು ಮುಟ್ಟಿದ್ದು?” ಅಂದೆ.

“ನಾನೇ ಕಣಕ್ಕ,” ಅಂದಳು ಕೆಂಪಮ್ಮ. “ಗಲೀಜಾಗಿತ್ತು. ನಾಲೇಲಿ ನೀರು ಅಂಗ್ ಅರೀತೈತೆ, ನೋಡ್ಕಂಡ್ ಕೂರಾಕಾಯ್ತದಾ? ನಿಮ್ ಸೀರೇನೂ ಒಗ್ದಾಕಿವ್ನಿ.”

ಹೊಸಹೊಳಲಿನ ಹಿರಿಯ ಯಜಮಾನ ಮೀಸೆಯಲ್ಲೇ ನಕ್ಕ. “ಬೆಳ್ಳಗೈತಲ್ಲ, ಇನ್ನೇನು? ಕೋಲು ಕೊಡಿ, ಬಸ್ಸಿಗೊತ್ತಾಯ್ತು.”

“ಇಂಗಾದ್ರೆ ಮುಂದಿನ್ ಸಲ ನಮ್ಮವ್ವನ್ನೂ ಕರ್ಕಬತ್ತೀನಿ,” ಅಂದ ಹಿಂದಿನ ಸಾಲಿನ ಒಬ್ಬ. ಎಲ್ಲರೂ ನಕ್ಕರು. ನಿಂಗರಾಜು ಮಾತ್ರ ನನ್ನ ಮುಖ ನೋಡುತ್ತಿದ್ದ.

ನಾನು ಒಗೆತದ ಮಾತು ಆಡುವವಳ ಹಾಗೆ ಕೇಳಿದೆ: “ಸೋಪು ಜಾಸ್ತಿ ಇಡೀತಾ ಕೆಂಪಮ್ಮ?”

“ಇಲ್ಲ ಬುಡಿ, ಎಲ್ಲಾ ಸಲೀಸಾಗ್ ಓಯ್ತು. ಬೆನ್ ಮೇಲೆ ಒಂದಿತ್ತು ನೋಡಿ, ದುಂಡ್ಗೆ, ಬಿಲ್ಲೆಯಂಗೆ. ಅದು ಜಪ್ಪಯ್ಯ ಅನ್ನಲಿಲ್ಲ. ಕಲ್ಲಿಗ್ ಆಕಿ ಉಜ್ದೆ, ಬೂದಿ ಆಕ್ದೆ. ಕೊನೀಗ್ ಬುಡ್ತು.” ಕೆಂಪಾದ ಅಂಗೈಯನ್ನು ಹೆಮ್ಮೆಯಿಂದ ತೋರಿಸಿದಳು.

ಕಣದಲ್ಲಿದ್ದವರೆಲ್ಲ ನಿಂಗರಾಜು ಕಡೆ ತಿರುಗಿದರು. ಅವಳು ಸುತ್ತ ನೋಡಿದಳು. “ಯಾಕ್ಲಾ ಮಗ, ಏನಾಯ್ತು?”

“ಏನಿಲ್ಲ ಬುಡವ್ವ,” ಅಂದ ನಿಂಗರಾಜು. “ಚೆನ್ನಾಗ್ ಒಗ್ದಿದ್ದೀಯ.”

“ಮುಂದಿನ್ ಸುಗ್ಗಿಗ್ ನಿಂತ್ಕ,” ಅಂದೆ ಅವನಿಗೆ. ಯಜಮಾನನಿಗೆ ಸಿಟ್ಟು ಬಂತು. ಇಲ್ಲದ ಕಲೆಗೆ ಹುಡುಗನ ಅನ್ನ ಕಿತ್ತುಕೊಳ್ಳುತ್ತೀಯಾ ಅಂತ ಕೇಳಿದ. ಅವರು ಬಸ್ಸು ಹತ್ತಿದರು. ಬೇರೆ ಯಾರನ್ನೋ ಗೊತ್ತು ಮಾಡಿಕೊಂಡರು ಅಂತ ಆಮೇಲೆ ಕೇಳಿದೆ.

ಕೆಂಪಮ್ಮನಿಗೆ ದಾರಿಯಲ್ಲಿ ಮಗ ವಿಷಯ ಹೇಳಿರಬೇಕು. ಅರ್ಧ ದಾರಿಯಿಂದ ಒಬ್ಬಳೇ ವಾಪಸ್ಸು ಬಂದಳು.

“ಅಕ್ಕಾ, ನಾನ್ ಬಾಯ್ ಮುಚ್ಕಂಡಿದ್ರೆ?”

“ನಿನ್ ಮಗ ಕೋಲ್ ತಕಂಡ್ ಓಗನು.”

ಅವಳು ಹಗ್ಗದ ಕಡೆ ನೋಡಿದಳು. “ಇದ್ದಿದ್ದು ಇತ್ತು ಕಣಕ್ಕ,” ಅಂದಳು. “ಇಲ್ಲ ಅನ್ನಾಕಾಯ್ತದಾ?” ಸೆರಗು ಕೊಡವಿಕೊಂಡು ಹೋದಳು.

ಮುಂದಿನ ಸುಗ್ಗಿಗೆ ನಿಂಗರಾಜು ಗೆದ್ದ. ತನ್ನೂರಲ್ಲೇ, ಯಾರದೋ ಕಣ ಕೇಳಿಕೊಂಡು ಕಲಿಸಲು ಶುರು ಮಾಡಿದ. ಬೆಳಿಗ್ಗೆ ಬನಿಯನ್ನು ನೋಡಿ ತೀರ್ಪು ಹೇಳಲು ಅವನು ಕೂರಿಸಿದ್ದು ಕೆಂಪಮ್ಮನನ್ನು. ಅವಳು ಇರುವ ತನಕ ಆ ತೀರ್ಪಿಗೆ ಯಾರೂ ಎದುರಾಡಲಿಲ್ಲ.

ಮೊನ್ನೆ ಒಬ್ಬ ಮೋಟರ್ ಸೈಕಲ್ಲಿನಲ್ಲಿ ಬಂದ. ಮಗಳು ನಿಂಗರಾಜು ಹತ್ತಿರ ಕಲಿಯುತ್ತಾಳಂತೆ. “ನಿಮ್ ಶಿಷ್ಯ ನಮ್ ಉಡ್ಗೀನ ವಾಪಸ್ ಕಳ್ಸವ್ನೆ. ಬಟ್ಟೇಲಿ ಕಲೇನೇ ಇರ್ಲಿಲ್ಲ, ನಾನೇ ನೋಡಿವ್ನಿ. ನೀವೊಂದ್ ಮಾತ್ ಏಳಿ.”

“ಕಲೆ ಇಲ್ದೆ ಯಾಕ್ ಕಳ್ಸಿದ?”

ಅವನು ನೆಲ ನೋಡಿದ. “ತಾಕ್ತು ಅಂತ ಅವ್ಳೇ ಏಳವ್ಳೆ. ಕೋಲು ಒಣಗಿತ್ತಂತೆ, ಬಣ್ಣ ಅತ್ಲಿಲ್ವಂತೆ.”

ಇಷ್ಟು ಕಾಲ ಆ ಹಿತ್ತಾಳೆ ಕಟ್ಟಿನ ಮರ್ಯಾದೆ ಕಾದವಳು ನಾನು ಅಂತ ಒಳಗೊಳಗೇ ಬೀಗುತ್ತಿದ್ದೆ. ಕಾಫಿ ಲೋಟ ಅವನ ಕೈಗೆ ಕೊಟ್ಟು ಮಗಳ ಹೆಸರು ಕೇಳಿದೆ. ಹೇಳಿದ. ಈಗೀಗ ನನಗೆ ಯಾರ ಹೆಸರೂ ನೆನಪಿನಲ್ಲಿ ನಿಲ್ಲುವುದಿಲ್ಲ. ಅದು ನಿಂತಿದೆ.