ಹುಳು ಒಪ್ಪಿದ ಮನೆ

ಹರವೆಯ ಮಂಗಳಗೌರಿ ದೇವರ ತೀರ್ಥವನ್ನೂ ಮೂಸಿ ನೋಡಿಯೇ ಕುಡಿಯುವವಳು ಎಂದು ಊರವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ, ಅವಳು ಪಟ್ಟ ಪಾಡು ಅವರಿಗೇನು ಗೊತ್ತು! ಗಂಡ ಸತ್ತ ವರ್ಷ ದಾಯಾದಿಯೊಬ್ಬ ಬರೀ ಸಾಕ್ಷಿಗೆ ಎಂದು ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡು ಅರ್ಧ ಎಕರೆ ಹಿಪ್ಪುನೇರಳೆ ತೋಟ ನುಂಗಿ ನೀರು ಕುಡಿದ. ಅಂದಿನಿಂದ ಅವಳು ನಂಬುವುದು ತಾನು ಸಾಕುವ ರೇಷ್ಮೆ ಹುಳುವನ್ನು ಮಾತ್ರ.

ಮನೆ ಕಟ್ಟಿಸುವ ಯೋಚನೆ ಬಂದದ್ದು ಅತ್ತೆ ಈರಮ್ಮನಿಗೋಸ್ಕರ. ಎಂಬತ್ತು ದಾಟಿದ ಮುದುಕಿ. ಹೋದ ಬೇಸಿಗೆಯಲ್ಲಿ ಶೀಟಿನ ಮನೆಯ ಕಾವಿಗೆ ಎರಡು ಸಲ ತಲೆ ತಿರುಗಿ ಬಿದ್ದಿದ್ದಳು. ಇನ್ನೊಂದು ಬೇಸಿಗೆ ಅವಳನ್ನು ಈ ಶೀಟಿನಡಿ ಮಲಗಿಸಬೇಡಿ, ಜೀವಕ್ಕೇ ಕುತ್ತು ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಅದೇ ಹೊತ್ತಿಗೆ ಸರ್ಕಾರದ ಸುದ್ದಿಯೊಂದು ಬಂತು: ತಾನಾಗಿ ತಂಪಾಗಿರುವ, ಕರೆಂಟು ಕಡಿಮೆ ಸುಡುವ ಹೊಸ ಮನೆ ಕಟ್ಟಿದರೆ ಪ್ರೋತ್ಸಾಹಧನ.

"ಕರೆಂಟು ಮಾರೋರೇ ಕರೆಂಟು ಉಳ್ಸು ಅಂತ ದುಡ್ಡು ಕೊಟ್ಟಾರಾ? ಹಾಲು ಮಾರೋಳು ನೀರು ಕುಡ್ಕೊ ಅಂದಾಳಾ? ಇದ್ರಲ್ಲಿ ಏನೋ ಅದೆ ಕಣತ್ತೆ," ಎಂದಳು ಮಂಗಳಗೌರಿ. ಚಾಮರಾಜನಗರದ ಕಚೇರಿಗೆ ನಾಲ್ಕು ಸಲ ಹೋಗಿ, ನಾಲ್ಕು ಟೇಬಲ್ಲಿನಲ್ಲಿ ಒಂದೇ ಪ್ರಶ್ನೆ ಕೇಳಿದಳು. ಎಲ್ಲರೂ ಒಂದೇ ಉತ್ತರ ಕೊಟ್ಟಾಗ, "ಮೊದ್ಲೇ ಮಾತಾಡ್ಕಂಡವ್ರೆ," ಎಂದು ಅನುಮಾನ ಇಮ್ಮಡಿಯಾಯಿತು. ಆದರೂ ಡಾಕ್ಟರ ಮಾತಿಗೆ ಹೆದರಿ ಅರ್ಜಿ ಹಾಕಿದಳು.

ಮಣ್ಣಿನ ಇಟ್ಟಿಗೆಯ ಗೋಡೆ, ಬಿಳಿ ಬಳಿದ ತಾರಸಿ, ಎದುರುಬದುರು ಕಿಟಕಿಗಳ ಒಂದೇ ಕೋಣೆಯ ಮನೆ ಮಾರ್ಚಿಗೆ ಎದ್ದು ನಿಂತಿತು. ಕಚೇರಿಯ ಇಂಜಿನಿಯರ್ ಸುನೀಲ್ ಕುಮಾರ್ ಗೋಡೆಗೆ ಕಾವು ಅಳೆಯುವ ಮೀಟರು ತೂಗುಹಾಕಿ, "ನೋಡಿ, ಹೊರಗಡೆಗಿಂತ ಆರು ಡಿಗ್ರಿ ಕಮ್ಮಿ," ಎಂದ.

"ಅವ ತಂದ ಮೀಟ್ರು ಅವನ್ ಮಾತೇ ಆಡದು," ಎಂದು ಗೊಣಗಿದ ಮಂಗಳಗೌರಿ, ಮಾರನೇ ದಿನವೇ ಮರಿಹುಳು ತಂದು ತಟ್ಟೆಗಳನ್ನು ಆ ಕೋಣೆಯ ತುಂಬ ಜೋಡಿಸಿದಳು. ಸೆಕೆಯಾದರೆ ಹುಳು ಸೊಪ್ಪು ಮುಟ್ಟುವುದಿಲ್ಲ. ಅದಕ್ಕೆ ಯಾವ ಸರ್ಕಾರದ ಹಂಗೂ ಇಲ್ಲ.

ಹುಳುಗಳು ಗಬಗಬ ಮೇದವು. ನಾಲ್ಕನೇ ದಿನ ಈರಮ್ಮ ಕೇಳಿದಳು: "ನಾನಿನ್ನು ಅಲ್ಲಿಗೋಗಿ ಮಲಗ್ಲಾ ಗೌರಿ?"

"ತಡೀರತ್ತೆ. ಹೊಸ ಗೋಡೆ ಹಸಿ ಇರ್ತದೆ, ಅದ್ಕೇ ತಂಪೇನೋ. ಒಣಗಿದ್ಮೇಲೆ ಕೈ ಕೊಟ್ರೆ? ಹುಳ ಗೂಡು ಕಟ್ಟಗಂಟ ನೋಡ್ಬುಡನ."

ಮುದುಕಿ ತಲೆಗೆ ಒದ್ದೆ ಟವೆಲು ಹಾಕಿಕೊಂಡು ಅಂಗಳದಾಚೆಯ ಶೀಟಿನಡಿಗೆ ಹೋದಳು.

ಹುಳು ಮೇಯುವುದು ಬಿಟ್ಟು ಹಣ್ಣಾಗಿ ಇನ್ನೇನು ಗೂಡು ಕಟ್ಟಬೇಕು, ಅಷ್ಟರಲ್ಲಿ ಒಂದು ಮಧ್ಯಾಹ್ನ ಕಚೇರಿಯ ಶಾಂತರಾಜು ಹೇಳದೆ ಕೇಳದೆ ಬಂದರು. ಮನೆಯಲ್ಲಿ ಜನ ವಾಸವಿದ್ದಾರೆಂದು ಅವರು ಬರೆದರೆ ಮಾತ್ರ ಪ್ರೋತ್ಸಾಹಧನದ ಕೊನೆಯ ಕಂತು. ಬಾಗಿಲು ತೆರೆದವರೇ ಹುಬ್ಬು ಗಂಟಿಕ್ಕಿದರು.

"ಇದು ಹುಳು ಮನೆ ಅಲ್ವೇನಮ್ಮ?"

"ಅಯ್ಯೋ ಇಲ್ಲ ಸಾರ್, ಮನ್ಸರಿಗೇ ಕಟ್ಸಿದ್ದು. ತಂಪಾಯ್ತದಾ ಅಂತ ನೋಡಕ್ಕೆ ಹುಳ ಬುಟ್ಟಿದ್ದೆ. ನಂಬಿ ಸಾರ್."

"ಎಲ್ಲರೂ ಹಿಂಗೇ ಹೇಳೋದು. ಹಾಸಿಗೆ ಎಲ್ಲಿ? ಒಲೆ ಎಲ್ಲಿ? ಹೆಂಗಮ್ಮ ನಂಬೋದು?"

ಸದ್ದು ಕೇಳಿ ಈರಮ್ಮ ಗೋಡೆ ಹಿಡಿದುಕೊಂಡು ಬಂದಳು. ಶೀಟಿನ ಕಾವಿಗೆ ಮುಖ ಕೆಂಪೇರಿತ್ತು. ಹೊಸಿಲು ದಾಟಿದವಳೇ ತಟ್ಟೆಗಳ ನಡುವಿನ ಸಂದಿಯಲ್ಲಿ ಕುಸಿದು, ಬರಿ ನೆಲಕ್ಕೆ ಕೆನ್ನೆ ಆನಿಸಿ ಮಲಗಿಬಿಟ್ಟಳು. ಶಾಂತರಾಜು ಬರೆಯುವುದನ್ನು ನಿಲ್ಲಿಸಿ ನೀರಿನ ಬಾಟಲಿ ಚಾಚಿದರು.

ಎರಡು ಗುಟುಕು ಕುಡಿದು ಈರಮ್ಮ ಕಣ್ಣುಬಿಟ್ಟಳು. "ಯವ್ವಾ, ಇಷ್ಟು ತಂಪಾಗದಾ! ಒಂದಿನ ನನ್ನೇ ಮಲಗ್ಸಿ ಕೇಳಿದ್ರೆ ಹೇಳ್ತಿರ್ನಿಲ್ವಾ ಗೌರಿ? ನನ್ ಮಾತ್ಗಿಂತ ಹುಳದ್ ಮಾತು ಹೆಚ್ಚಾಯ್ತಾ?"

ಮಂಗಳಗೌರಿಗೆ ನಾಚಿಕೆಯಿಂದ ಕಣ್ಣು ತುಂಬಿತು.

"ಇವರು ಇಲ್ಲೇ ಇರ್ತಾರಾ?" ಎಂದರು ಶಾಂತರಾಜು.

"ಇರ್ತಾರೆ ಸಾರ್. ಇವತ್ತಿಂದ."

ಹೊರಗೆ ಉರಿಬಿಸಿಲು. ಶೀಟಿನಡಿಯ ಕಾವಿಗೆ ಹಣ್ಣಾದ ಹುಳು ಒಂದೂ ಗೂಡು ಕಟ್ಟುವುದಿಲ್ಲವೆಂದು ಅವಳಿಗಿಂತ ಬಲ್ಲವರು ಯಾರು? ಮಂಗಳಗೌರಿ ಸೆರಗಿನಿಂದ ಕಣ್ಣೊರೆಸಿಕೊಂಡು ಮೊದಲನೇ ತಟ್ಟೆ ಎತ್ತಿ ಅಂಗಳದಾಚೆಯ ಶೀಟಿನ ಮನೆಗೆ ನಡೆದಳು.